ಅರ್ಧ ಆಟಕ್ಕೊಂದು ಚೆಂಡು

"ಈ ಚೆಂಡಿಗೆ ನಾವು ತಲಿ ಕೊಡಂಗಿಲ್ರಿ ಸರ್, ಕಣ್ಣು ಉರೀತಾವು," ಎಂದು ರಾಣೆಬೆನ್ನೂರಿನ ಹುಡುಗಿಯರ ತಂಡದ ನಾಯಕಿ ಕೈಕಟ್ಟಿ ನಿಂತಳು. ಬ್ಯಾಡಗಿ ತಂಡದವರು ತಮ್ಮ ಫುಟ್‌ಬಾಲನ್ನು ಮೆಣಸಿನಕಾಯಿ ಚೀಲದಲ್ಲಿ ತಂದಿದ್ದರು. ನಮ್ಮ ಬ್ಯಾಡಗಿಯಲ್ಲಿ ಮದುವೆಯ ಪಾತ್ರೆಪಗಡವೂ ಅದರಲ್ಲೇ ಸಾಗುತ್ತದೆ. 'ನಮ್ಮೂರಾಗ ನಮ್ಮ ಚೆಂಡು' ಎಂದು ನಮ್ಮೂರ ಹುಡುಗಿಯರ ಹಟ. ರೆಫರಿಯಾದ ನಾನು ನ್ಯಾಯಾಧೀಶನ ಗಾಂಭೀರ್ಯದಿಂದ, ಪಂದ್ಯ ರದ್ದುಮಾಡಲು ಸೀಟಿಯನ್ನು ಬಾಯಿಗಿಟ್ಟೆ.

ಬ್ಯಾಡಗಿಯ ನಾಯಕಿ ಅಡ್ಡ ಬಂದಳು. "ತಡೀರಿ ಸರ್. ಮೊದಲನೇ ವಿಶ್ವಕಪ್ಪಿನ ಫೈನಲ್‌ನಾಗೂ ಇದ ಜಗಳ ಆಗಿತ್ತು. ಅರ್ಧ ಆಟ ಅರ್ಜೆಂಟೀನಾದ ಚೆಂಡು, ಇನ್ನರ್ಧ ಉರುಗ್ವೆದ್ದು. ಅವರು ಆಡ್ಯಾರ, ನಾವ್ಯಾಕ ಮನಿಗೆ ಹೋಗೂದು?"

"ಮತ್ತ ಖಾರ?" ಎಂದಳು ರಾಣೆಬೆನ್ನೂರಿನವಳು.

ಬ್ಯಾಡಗಿಯವಳು ತನ್ನ ಚೆಂಡನ್ನು ನಳದಡಿ ತಿಕ್ಕಿ ತೊಳೆದು, ಮೇಲಕ್ಕೆಸೆದು, ಎಲ್ಲರೆದುರು ಮೂರು ಸಲ ಹಣೆಯಿಂದ ಗುದ್ದಿದಳು. ಕಣ್ಣಲ್ಲಿ ಧಾರಾಳ ನೀರು. ರೆಪ್ಪೆ ಮಾತ್ರ ಮಿಟುಕಲಿಲ್ಲ. "ಬೆವರು ಅದು," ಎಂದಳು. ಎದುರಾಳಿ ನಕ್ಕು, ಮೊದಲರ್ಧಕ್ಕೆ ತನ್ನ ಚೆಂಡು ತಂದಿಟ್ಟಳು.

ಮೂವತ್ತು ವರ್ಷ ಸೀಟಿ ಊದಿದವನು ನಾನು, ನಿಯಮಪುಸ್ತಕ ಕಂಠಪಾಠ. ಆ ದಿನದಿಂದ ಪಂದ್ಯ ನಿಲ್ಲಿಸುವ ಮೊದಲು ಎರಡೂ ಕಡೆಯವರನ್ನು ಕರೆದು, "ಆಡೂದೈತೋ, ಇಲ್ಲೋ?" ಎಂದಷ್ಟೇ ಕೇಳುತ್ತೇನೆ. ಇದುವರೆಗೆ ಯಾರೂ 'ಇಲ್ಲ' ಎಂದಿಲ್ಲ.