ಕಾಕಾನ ಮನೆಗಾಡಿಯ ದೊಡ್ಡ ಗಾಲಿಗಳು

ಹೊಸ ಟಯರಿನ ವಾಸನೆಗೆ ಕೆಲವರಿಗೆ ಹುರುಪು ಬರುತ್ತದಂತೆ. ನನಗೆ ಸುಸ್ತಾಗುತ್ತದೆ. ಮೊನ್ನೆ ಬೆಟಗೇರಿಯ ಟಯರ್ ಅಂಗಡಿಯೊಂದರ ಬಾಕಿನ ಮೇಲೆ ಕೂತಿದ್ದೆ. ಹೆಂಡತಿಯ ಬೆನ್ನಿನ ಆಪರೇಶನ್ ಆದಮೇಲೆ ಲಕ್ಷ್ಮೇಶ್ವರದಿಂದ ಗದಗಿನ ಆಸ್ಪತ್ರೆಗೆ ಓಡಾಡಿ ಓಡಾಡಿ ಕಾರಿನ ಟಯರೂ ಸವೆದಿದ್ದವು, ನಾನೂ ಸವೆದಿದ್ದೆ. ಹಿಂದಿನ ಸೀಟಿನಲ್ಲಿ ಮಲಗಿ ಬರುವ ಅವಳು ಒಂದೊಂದು ತಗ್ಗಿಗೂ "ಯವ್ವಾ" ಅನ್ನುತ್ತಾಳೆ. ಆ ದನಿ ಕೇಳಿಕೊಂಡು ಗಾಡಿ ಹೊಡೆಯುವುದು ಹೇಗೆ, ನೀವೇ ಹೇಳಿ. ಇದಕ್ಕಿಂತ ದೊಡ್ಡ ಟಯರು ಕೂಡುತ್ತದೇನು ಎಂದು ಅಂಗಡಿಯವನನ್ನು ಕೇಳಿದೆ.

"ಕೂಡತೈತ್ರಿ ಸರ. ಆದ್ರ ಗಾಡಿ ಎಳಿಯೂದಿಲ್ಲ. ಆಮ್ಯಾಲ ನನ್ನ ಬೈಬ್ಯಾಡ್ರಿ ಮತ್ತ."

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಗದಗ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಬೋರ್ಡುಗಳ ಮೇಲಿನ ಧಾರವಾಡವನ್ನು ಅಳಿಸಿ ಗದಗ ಎಂದು ಬರೆಯುತ್ತಿದ್ದ ಕಾಲ. ಶಿರಹಟ್ಟಿಯಲ್ಲಿದ್ದ ನನ್ನ ಕಾಕಾ ಬಸ್ಸಿನ ಡ್ರೈವರಿಕೆಯಿಂದ ನಿವೃತ್ತನಾಗಿ ಒಂದು ಹಳೇ ಟೆಂಪೋ ಕೊಂಡ. ಒಳಗೆ ಮಂಚ ಹಾಕಿಸಿದ, ಸ್ಟೋ ಇಟ್ಟ, ನೀರಿನ ಕೊಡಕ್ಕೆ ಹಗ್ಗ ಬಿಗಿದ, ಬಾಗಿಲಿಗೆ ಹೆಂಡತಿಯ, ಅಂದರೆ ನಮ್ಮ ಕಾಕೂನ, ಹಳೇ ಸೀರೆಯ ಪರದೆ ಬಿಟ್ಟ. "ಮಂದೀನ ಅವರವರ ಮನಿಗೆ ಮುಟ್ಟಿಸಿ ಸಾಕಾತು. ಇನ್ನ ನಾ ಮನೀನ ಹೊಡಕೊಂಡು ಹೋಗ್ತೀನಿ" ಅಂದ. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ನನಗೆ ನಗುವುದಕ್ಕೆ ಬೇಕಾದಷ್ಟು ತ್ರಾಣವಿತ್ತು.

ಆದರೆ ಕಾಕಾ ಇದನ್ನೆಲ್ಲ ಮಾಡಿದ್ದು ಶೋಕಿಗಲ್ಲ. ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕಾಕೂಗೆ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಅವಳ ತವರು ಮುಂಡರಗಿ ಕಡೆಯ ಹಳ್ಳಿ. ಶೀಗಿ ಹುಣ್ಣಿಮೆಗೆ ಅಲ್ಲಿಯ ಹೊಲದಲ್ಲಿ ಅಕ್ಕನ ಜೊತೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವುದು ಅವಳಿಗೆ ಎಲ್ಲ ಹಬ್ಬಕ್ಕಿಂತ ದೊಡ್ಡದು. ಬಿದ್ದಾಗಿನಿಂದ ಅದು ತಪ್ಪಿತ್ತು. "ಇನ್ನೊಮ್ಮೆ ಅಕ್ಕನ ಸಂಗಾಟ ಚರಗ ಚೆಲ್ಲಿದ್ನಂದ್ರ ಸಾಕ್ರಿ" ಎಂದು ಅವಳು ಅಂದದ್ದೇ ಕಾಕಾನ ತಲೆ ಹೊಕ್ಕಿತ್ತು.

ತಗ್ಗುದಿನ್ನೆಯಲ್ಲಿ ಕುಲುಕಾಟ ಕಡಿಮೆಯಾಗಲೆಂದು ಅವನು ಅಳತೆ ಮೀರಿದ ಗಾಲಿ ಹಾಕಿಸಿದ. ಗ್ಯಾರೇಜಿನವರು ಬೇಡವೆಂದರು. ಅದು ಅವನಿಗೆ ಗೊತ್ತಿಲ್ಲದ ಸಂಗತಿಯೇ? ನನಗೇ ಬಿಡಿಸಿ ಹೇಳಿದ: "ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗತೈತಿ. ಅದನ್ನ ತಿರುಗಸಾಕ ಇಂಜಿನ್ನಿಗೆ ದಮ್ಮೂ ಹೆಚ್ಚು ಬೇಕು. ಫಸ್ಟ್ ಗೇರ್ ಹಾಕಿದ್ರ ಅರ್ಧ ಸೆಕೆಂಡ್ ಗೇರ್ ಹಾಕಿದಂಗ. ಹಿಂದಿನ ಅಚ್ಚಿನ ಹಲ್ಲುಗಾಲಿ, ಡಿಫರೆನ್ಶಿಯಲ್ ಅಂತಾರಲ್ಲ, ಅದನ್ನ ಬದಲಿ ಮಾಡಿದ್ರ ಸರಿಹೋಗತೈತಿ, ಆದ್ರ ಈ ಗಾಡಿಗೆ ಅದು ಸಿಗವಲ್ದು."

"ಮತ್ಯಾಕ ಹಾಕಿಸ್ದಿ ಕಾಕಾ?"

"ಇಂಜಿನ್ ಒದರಿದ್ರ ಒದರ್ಲಿ. ಅಕಿ ಒದರಬಾರ್ದು."

ಹುಣ್ಣಿಮೆಯ ಬೆಳಿಗ್ಗೆ ಹೊರಟೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ, ಎಲ್ಲ ಬುಟ್ಟಿಯಲ್ಲಿ. ಸಪಾಟು ರಸ್ತೆಯಲ್ಲಿ ಗಾಡಿ ಏನು ಚಂದ ಹೋಯಿತೆನ್ನುತ್ತೀರಿ! ಗಿಡಗಳು ಹಿಂದೆ ಓಡುತ್ತಿದ್ದರೂ ಸ್ಪೀಡಿನ ಮುಳ್ಳು ಮಾತ್ರ ಮೇಲೇಳಲೊಲ್ಲದು. "ಅದು ಹಳೇ ಗಾಲೀ ಲೆಕ್ಕಾನ ಹೇಳಾಕತ್ತೈತಿ" ಎಂದು ಕಾಕಾ ನಕ್ಕ. ಮಂಚದಿಂದ ಒಂದೇ ಒಂದು ನರಳಿಕೆ ಕೇಳಲಿಲ್ಲ.

ಕಪ್ಪತಗುಡ್ಡದ ಮಗ್ಗುಲಿನ ಏರು ಬಂತು ನೋಡಿ. ಮೂರನೇ ಗೇರು, ಎರಡು, ಒಂದು. ಗಾಡಿ ನಡುಗಿ ನಿಂತೇಬಿಟ್ಟಿತು. ನಾನು ಇಳಿದು ಗಾಲಿಗೆ ಕಲ್ಲು ಕೊಟ್ಟೆ. ಕೊಡ ಇಳಿಸಿದೆವು, ಸ್ಟೋ ಇಳಿಸಿದೆವು, ಟ್ರಂಕು ಇಳಿಸಿದೆವು. ಕ್ಲಚ್ ಸುಟ್ಟ ವಾಸನೆ ಬಂತೇ ಹೊರತು ಗಾಡಿ ಮೊಳದಷ್ಟೂ ಏರಲಿಲ್ಲ. ಕಾಕೂನನ್ನೂ ಇಳಿಸೋಣವೇ ಎಂದು ಮೆಲ್ಲಗೆ ಕೇಳಿದೆ. ಕಾಕಾ ಸ್ಟೇರಿಂಗಿಗೆ ಹಣೆ ಹಚ್ಚಿದ. "ಇಷ್ಟು ವರ್ಷ ಬಸ್ ಹೊಡದ್ನಲೇ, ಯಾರನ್ನೂ ನಡುದಾರ್ಯಾಗ ಇಳಿಸಿದಾಂವಲ್ಲ ನಾ" ಅಂದ.

ಪರದೆಯ ಹಿಂದಿನಿಂದ ಕಾಕೂ ಅಂದಳು, "ನನ್ನ ಯಾಕ ಇಳಸ್ತೀರಿ? ಬಾಜೂಕ ಹೊಲ ಐತೆಲ್ಲ. ಅಕ್ಕನ್ನ ಇಲ್ಲಿಗೇ ಕರಸ್ರಿ."

ಹಾದುಹೋಗುತ್ತಿದ್ದ ಮೋಟಾರ್ ಸೈಕಲ್ಲಿನವರ ಹಿಂದೆ ಕೂತು ನಾನು ಕಾಕೂನ ತವರೂರಿಗೆ ಹೋದೆ. ಅವಳ ಅಕ್ಕ ಎತ್ತಿನ ಚಕ್ಕಡಿ ಹೂಡಿಸಿಕೊಂಡು ಬುಟ್ಟಿ ಸಮೇತ ಬಂದಳು. ಪಕ್ಕದ ಹತ್ತಿ ಹೊಲದವನು ತನ್ನ ಚರಗ ಮುಗಿಸಿ ಕೂತಿದ್ದ. ಅಪ್ಪಣೆ ಕೇಳಿದ್ದಕ್ಕೆ, "ಭೂಮಿತಾಯಿಗೆ ಉಣಸಾಕ ಯಾರ್ನರ ಕೇಳ್ತಾರೇನ್ರಿ? ಬರ್ರಿ" ಅಂದ. ಟೆಂಪೋದ ಹಿಂದಿನ ಬಾಗಿಲು ತೆರೆದೆವು. ಮಲಗಿದಲ್ಲಿಂದಲೇ ಕಾಕೂ ಅಕ್ಕನ ಬೊಗಸೆಗೆ ಎಡೆ ಹಾಕಿದಳು, ಅಕ್ಕ ಅದನ್ನು ಹೊಲಕ್ಕೆ ಚೆಲ್ಲಿ ಮತ್ತೆ ಬಂದು ಬೊಗಸೆ ಒಡ್ಡಿದಳು. ಇಬ್ಬರೂ ಅತ್ತರು, ನಕ್ಕರು. ಕಾಕಾ ದೂರ ಕಲ್ಲಿನ ಮೇಲೆ ಮುಖ ತಿರುಗಿಸಿ ಕೂತಿದ್ದ. ಕಾಕೂ ಕೂಗಿದಳು, "ಇಲ್ಲೀತನಕ ಒಮ್ಮೆನೂ ಸೊಂಟ ನೋಯ್ಲಿಲ್ರಿ. ಖರೇನ. ಬಂದು ಉಣ್ರಿ."

ಮುಂದಿನ ಶೀಗಿ ಹುಣ್ಣಿಮೆಗೆ ಕಾಕೂ ಇರಲಿಲ್ಲ. ಗಾಡಿ ಮನೆಯ ಮುಂದೆಯೇ ನಿಂತಿತ್ತು. ಹಳೇ ಗಾಲಿ ಹಾಕಿದರೆ ಸಂತೆಗಾದರೂ ಓಡುತ್ತದೆ ಎಂದು ಎಷ್ಟು ಜನ ಹೇಳಿದರೂ ಕಾಕಾ ಆ ದೊಡ್ಡ ಗಾಲಿ ಬಿಚ್ಚಲು ಕೊಡಲಿಲ್ಲ.

"ಏನ್ ಮಾಡೂಣ್ರಿ ಸರ?" ಎಂದ ಅಂಗಡಿಯವನು.

"ದೊಡ್ಡವ್ನ ಹಾಕಪಾ."

ಆಸ್ಪತ್ರೆಯಿಂದ ಹೆಂಡತಿಯನ್ನು ಕರೆದುಕೊಂಡು ಲಕ್ಷ್ಮೇಶ್ವರದ ದಾರಿ ಹಿಡಿದೆ. ಸಣ್ಣ ಏರಿಗೂ ಕಾರು ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಹೊಟ್ಟು ತುಂಬಿದ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತ ಬಂತು. ಅವಳು ಏನಾದರೂ ಅಂದಾಳೆಂದು ಕನ್ನಡಿಯಲ್ಲಿ ನೋಡಿದೆ. ನಿದ್ದೆ ಹೋಗಿದ್ದಳು. ನಾನು ಗೇರು ಇಳಿಸಿ ಟ್ರ್ಯಾಕ್ಟರಿಗೆ ದಾರಿ ಬಿಟ್ಟೆ.