ಮೂರನೇ ದರ್ಜೆಯ ಲೀಗ್ ಮತ್ತು ನನ್ನ ತೋರುಬೆರಳು

ಹೋದ ತಿಂಗಳು ಮಗಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಬಿಸಿನೀರಿಗೆ ಎರಡು ಹನಿ ಹಾಕೋಣವೆಂದು ನೀಲಗಿರಿ ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿದೆ, ಅಷ್ಟೇ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. "ಯು ಓಕೆ, ಮ್ಯಾಮ್?" ಎಂದಳು ಮಗಳು. ಇಲ್ಲಿಯ ಮಕ್ಕಳ ಬಾಯಲ್ಲಿ ಅಮ್ಮ ಎಂದರೆ ಮ್ಯಾಮ್. ನೆಗಡಿ ಅವಳಿಗೆ, ವಿಚಾರಣೆ ನನಗೆ! ಏನಿಲ್ಲ ಕಣೇ ಎಂದೆ. ಏನಿಲ್ಲದೆ ಏನು... ಪಕ್ಕದ ಮನೆಯ ಅಂಕಲ್ ನೆನಪಾಗಿದ್ದರು. ಕೊರೋನ ವರ್ಷದ ಆ ಚಳಿಗಾಲದಲ್ಲಿ ಅವರ ಸ್ವೆಟರಿನಿಂದ, ಮಫ್ಲರಿನಿಂದ, ಅವರು ಕೈಯೂರುತ್ತಿದ್ದ ಬೇಲಿಯ ಹಲಗೆಯಿಂದ ಕೂಡ ಇದೇ ವಾಸನೆ ಬರುತ್ತಿತ್ತು.

ಐರ್ಲೆಂಡಿನ ಡ್ರೋಹೆಡಾ ಊರಿನ ನಮ್ಮ ಬಡಾವಣೆಯಲ್ಲಿ ಮನೆಗಳು ಎರಡೆರಡಾಗಿ ಅಂಟಿಕೊಂಡಿವೆ. ಅಂಕಲ್ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಎದೆಮಟ್ಟದ ಮರದ ಬೇಲಿ. ಅವರು ಉಡುಪಿ ಕಡೆಯ ಕೆಥೊಲಿಕರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕರಾವಳಿಯ ಕನ್ನಡ. ಹಡಗಿನ ಎಂಜಿನ್ ರೂಮಿನಲ್ಲಿ ಆಯುಷ್ಯ ಕಳೆದು, ನರ್ಸ್ ಆಗಿದ್ದ ಹೆಂಡತಿಯ ಹಿಂದೆ ಐರ್ಲೆಂಡಿಗೆ ಬಂದವರು. "ನಾನು ಇವಳ ಡಿಪೆಂಡೆಂಟ್ ವೀಸಾ" ಎಂದು ತಮ್ಮನ್ನು ತಾವೇ ಪರಿಚಯಿಸಿಕೊಂಡು ನಗುತ್ತಿದ್ದರು. ನಾವು ಮೈಸೂರಿನವರು ಎಂದು ತಿಳಿದ ದಿನವೇ ಆಂಟಿ ಸಾಸಿವೆ ಹಾಕಿದ ಮೀನಿನ ಸಾರು ತಂದುಕೊಟ್ಟಿದ್ದರು. ನಾವು ಮೀನು ತಿನ್ನುವವರಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹಿರಿಯರು ಹೇಳಿದ್ದಕ್ಕೆ, ಕೊಟ್ಟಿದ್ದಕ್ಕೆ ಇಲ್ಲ ಎನ್ನಲಾಗದ ನನ್ನ ಆ ಕಾಯಿಲೆ ಅಲ್ಲಿಂದಲೇ ಶುರು ಅನ್ನಿ.

ಕೊರೋನ ಬಂದ ವರ್ಷ ಎಲ್ಲರೂ ಏನೇನೋ ಹಿಡಿದುಕೊಂಡು ಕುಳಿತರು. ಕೆಲವರು ಬ್ರೆಡ್ ಮಾಡಿದರು, ಕೆಲವರು ಗಿಟಾರ್ ಕಲಿತರು. ಅಂಕಲ್ ಹಿಡಿದುಕೊಂಡಿದ್ದು ಜಪಾನಿನ ಮೂರನೇ ದರ್ಜೆಯ ಫುಟ್ಬಾಲ್ ಲೀಗನ್ನು. ನನಗೆ ನಗು ತಡೆಯಲಾಗಲಿಲ್ಲ. ಫುಟ್ಬಾಲೇ ಬೇಕಿದ್ದರೆ ಇಲ್ಲೇ ಪಕ್ಕದಲ್ಲಿ ಇಂಗ್ಲೆಂಡ್ ಇಲ್ಲವೇ? ಹೋಗಲಿ, ಜಪಾನಿನ ಮೊದಲ ದರ್ಜೆಯಾದರೂ ಬೇಡವೇ?

"ನಿಂಗೆ ಎಂತ ಗೊತ್ತುಂಟು ಮಾರಾಯ್ತಿ" ಎಂದರು. ಮೂವತ್ತೈದು ವರ್ಷದ ಹಿಂದೆ ಅವರ ಹಡಗು ಕೆಟ್ಟು ಅಲ್ಲಿಯ ಒಂದು ಸಣ್ಣ ಬಂದರಿನಲ್ಲಿ ನಾಲ್ಕು ತಿಂಗಳು ರಿಪೇರಿಗೆ ನಿಂತಿತ್ತಂತೆ. ಭಾನುವಾರ ಬಂತೆಂದರೆ ಹಡಗುಕಟ್ಟೆಯ ಕೆಲಸಗಾರರು ಬೂದಿಬಣ್ಣದ ಮೈದಾನದಲ್ಲಿ ಆಡುತ್ತಿದ್ದರಂತೆ. ಒಬ್ಬ ಫೋರ್‌ಮನ್ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅನ್ನದ ಉಂಡೆ ತಿನ್ನಿಸುತ್ತಿದ್ದನಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಗೋಲ್ ಆದಾಗ ಇಬ್ಬರೂ ಎದ್ದು ಕೂಗುವುದು, ಅಷ್ಟೇ ಸಂಭಾಷಣೆ. ಆ ಊರಿನ ತಂಡ ಈಗ ಮೂರನೇ ದರ್ಜೆಯಲ್ಲಿತ್ತು. ಮೇಲಿನ ಎರಡು ತಂಡಗಳಿಗೆ ಎರಡನೇ ದರ್ಜೆಗೆ ಬಡ್ತಿ. ಇವರ ತಂಡಕ್ಕೆ ಅದು ಒಮ್ಮೆಯೂ ದಕ್ಕಿರಲಿಲ್ಲ.

ಆಂಟಿ ಕೆಲಸ ಮಾಡುತ್ತಿದ್ದುದು ವೃದ್ಧರ ನರ್ಸಿಂಗ್ ಹೋಮಿನಲ್ಲಿ. ಅಂಕಲ್‌ಗೆ ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ಸೋಂಕು ಮನೆಗೆ ತರಬಾರದೆಂದು ಆಂಟಿ ಮಾರ್ಚಿನಲ್ಲೇ ಸೂಟ್‌ಕೇಸ್ ಹಿಡಿದು ಇನ್ನಿಬ್ಬರು ನರ್ಸುಗಳ ಜೊತೆ ಬೇರೆ ಬಾಡಿಗೆ ಮನೆ ಸೇರಿದರು. ಬೇಸಿಗೆಯಲ್ಲಿ ಒಂದಿಷ್ಟು ವಾರ ಬಂದಿದ್ದರು. ಅಕ್ಟೋಬರಿನಲ್ಲಿ ಮತ್ತೆ ಹೊರಟರು. ಹೊರಡುವಾಗ ಬೇಲಿಯ ಹತ್ತಿರ ಬಂದು, "ಇವರನ್ನು ಸ್ವಲ್ಪ ನೋಡಿಕೋ ಆಯ್ತಾ" ಎಂದರು. ಆಯ್ತು ಆಂಟಿ ಎಂದೆ. ಅಂಗಡಿ ಸಾಮಾನು ತಂದು ಬಾಗಿಲಲ್ಲಿಡುವುದು, ಡಬ್ಬಿಯಲ್ಲಿ ಸಾರು ಕೊಡುವುದು ನನ್ನ ಪಾಲಿಗೆ ಬಂತು.

ಲೀಗ್ ತಡವಾಗಿ ಜೂನ್ ಕೊನೆಗೆ ಶುರುವಾಗಿತ್ತು. ಕಿಟಕಿಯ ಹೊರಗೆ ನಿಂತು ಫೋನಿನಲ್ಲಿ ಹೇಳಿಕೊಡುತ್ತಾ ಅವರ ಟಿವಿಗೆ ಆ ಪಂದ್ಯಗಳು ಬರುವ ಹಾಗೆ ಮಾಡಿಕೊಟ್ಟವಳು ನಾನೇ. ಅಲ್ಲಿಯ ಮಧ್ಯಾಹ್ನ ನಮ್ಮ ಬೆಳಗಿನ ಜಾವ. ಅಂಕಲ್ ಅಲಾರಾಂ ಇಟ್ಟು ಎದ್ದು ನೋಡಿ, ಹತ್ತು ಗಂಟೆಗೆ ಹಿತ್ತಲಿಗೆ ಬರುತ್ತಿದ್ದರು. ಬೇಲಿಯಿಂದ ದೂರಕ್ಕೆ ಅವರದೊಂದು ಪ್ಲಾಸ್ಟಿಕ್ ಕುರ್ಚಿ, ಇತ್ತ ನನ್ನದೊಂದು. ಆಮೇಲೆ ಇಡೀ ಪಂದ್ಯದ ವರದಿ. ಎಡಗಡೆಯಿಂದ ಇವನು ಓಡಿ ಬಂದ, ಅವನಿಗೆ ಕೊಟ್ಟ, ಗೋಲ್‌ಕೀಪರನ ಕಾಲ ಸಂದಿಯಲ್ಲಿ ಬಾಲ್ ನುಗ್ಗಿತು... ಎಲ್ಲವೂ ಒಂದೇ ಉಸಿರಿನಲ್ಲಿ, ಎರಡೂ ಕೈ ಬೀಸಿಕೊಂಡು. ಆಟಗಾರರ ಹೆಸರು ಬಾಯಿಗೆ ಬಾರದೆ ಕೊಡ್ಡಾಯಿ, ಬಂಗುಡೆ, ಅಂಜಲ್ ಎಂದು ಎಲ್ಲರಿಗೂ ಮೀನಿನ ಹೆಸರಿಟ್ಟಿದ್ದರು.

ಒಂದು ಬೆಳಿಗ್ಗೆ ನಾನೂ ಹತ್ತು ನಿಮಿಷ ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ನೋಡಬಾರದಿತ್ತು ಅನ್ನಿಸಿತು. ಅಷ್ಟು ದೊಡ್ಡ ಗ್ಯಾಲರಿಯಲ್ಲಿ ಮಾಸ್ಕ್ ಹಾಕಿಕೊಂಡ ಅಲ್ಲೊಬ್ಬ ಇಲ್ಲೊಬ್ಬ. ಕೂಗುವಂತಿಲ್ಲ, ಚಪ್ಪಾಳೆ ಮಾತ್ರ ತಟ್ಟಬಹುದು ಎಂಬ ನಿಯಮವಂತೆ. ಗೋಲ್ ಆದರೂ ಒಂದು ಸ್ವರವಿಲ್ಲ, ಬರೀ ಪಟಪಟ ಪಟಪಟ. ಯಾರೋ ತೀರಿಕೊಂಡ ಮನೆಯಲ್ಲಿ ಹಬ್ಬ ಮಾಡಿದ ಹಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಅಂಕಲ್‌ಗೆ ಹೇಳಿದಾಗ, "ಹೆದರ್ಬೇಡ, ಈ ವರ್ಷ ಕೊನೇ ಸ್ಥಾನಕ್ಕೆ ಬಿದ್ರೂ ಯಾರನ್ನೂ ಹೊರಗೆ ಹಾಕುದಿಲ್ಲ ಅಂತೆ" ಎಂದರು. ನಾನು ಹೇಳಿದ್ದೇ ಬೇರೆ, ಅವರಿಗೆ ಕೇಳಿಸಿದ್ದೇ ಬೇರೆ.

ಸೆಪ್ಟೆಂಬರಿನಿಂದ ಅವರ ತಂಡ ಗೆಲ್ಲತೊಡಗಿತು. ಹನ್ನೊಂದನೇ ಸ್ಥಾನ, ಏಳನೇ ಸ್ಥಾನ, ನಾಲ್ಕು. ಆ ಕಡೆ ನರ್ಸಿಂಗ್ ಹೋಮಿನಲ್ಲಿ ಒಬ್ಬೊಬ್ಬರೇ ಅಜ್ಜಿಯರು ಹೋಗುತ್ತಿದ್ದರು. ಆಂಟಿ ಫೋನಿನಲ್ಲಿ ಅಳುವುದನ್ನೂ ಬಿಟ್ಟಿದ್ದರು. ಇಂದು ಇಬ್ಬರು, ಇಂದು ಯಾರೂ ಇಲ್ಲ, ಇಂದು ಒಬ್ಬರು ಎಂದಷ್ಟೇ ಹೇಳುತ್ತಿದ್ದರಂತೆ. ಅಂಕಲ್ ಅದನ್ನು ನನಗೆ ಹೇಳಿ, ತಕ್ಷಣ ಬಂಗುಡೆಯ ಫ್ರೀ ಕಿಕ್ ವಿಷಯಕ್ಕೆ ಹಾರುತ್ತಿದ್ದರು.

ಡಿಸೆಂಬರ್ ಬಂತು. ಅಂಕಲ್ ಕೆಮ್ಮತೊಡಗಿದರು. ಮೊದಮೊದಲು ಗಂಟಲು ಸರಿಮಾಡಿಕೊಳ್ಳುವಷ್ಟೇ ಕೆಮ್ಮು. ಆಮೇಲೆ ಗೋಡೆಯಾಚೆಯಿಂದ ನಮ್ಮ ಅಡುಗೆಮನೆಗೆ ಕೇಳಿಸುವಷ್ಟು. ಯಾವುದಕ್ಕೂ ಟೆಸ್ಟ್ ಮಾಡಿಸಿ ಎಂದೆ. ಇದು ಚಳಿಯ ಕೆಮ್ಮು, ಪ್ರತಿ ವರ್ಷ ಬರುತ್ತದೆ ಎಂದು ನೀಲಗಿರಿ ಎಣ್ಣೆ ಮೈಗೆಲ್ಲ ಹಚ್ಚಿಕೊಂಡರು. ನಾನು ಮಹಾ ಬುದ್ಧಿವಂತೆ, ಮೆಣಸು ಜೀರಿಗೆ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ಕೊಟ್ಟೆ. ಆ ಭಾನುವಾರ ಹತ್ತು ಗಂಟೆಗೆ ಅವರು ಗೋಲಿನ ಕಥೆ ಹೇಳುವಾಗ ಉಸಿರಿಗಾಗಿ ಮೂರು ಸಲ ಮಾತು ನಿಲ್ಲಿಸಿದರು. ಬೀಸುತ್ತಿದ್ದ ಕೈ ಕುರ್ಚಿಯ ಹಿಡಿಯನ್ನು ಬಿಡಲಿಲ್ಲ. ನನಗೆ ಗೊತ್ತಾಯಿತು. ಗೊತ್ತಾದದ್ದನ್ನು ಗೊತ್ತಾಗಲಿಲ್ಲ ಎಂದುಕೊಂಡೆ.

ಮರುದಿನ ಅವರೇ ಕರೆದರು. ಕೆಮ್ಮು ಫೋನಿನಲ್ಲಿ ಆಂಟಿಗೆ ಕೇಳಿಸಿಬಿಟ್ಟಿತ್ತು. ಪ್ರತಿ ಬೆಳಿಗ್ಗೆ ಆಕ್ಸಿಮೀಟರಿಗೆ ಬೆರಳಿಟ್ಟು ಫೋಟೊ ಕಳಿಸಬೇಕೆಂದು ಆಜ್ಞೆಯಾಗಿತ್ತು. ಅಂಕಲ್ ಬಿಸ್ಕತ್ತಿನ ಡಬ್ಬಿಯಲ್ಲಿ ಆ ಪುಟ್ಟ ಯಂತ್ರವನ್ನಿಟ್ಟು ಬೇಲಿಯ ಕಂಬದ ಮೇಲಿಟ್ಟರು.

"ನನ್ನ ಬೆರಳು ಐಸಿನ ಹಾಗೆ ಉಂಟು, ರೀಡಿಂಗೇ ಸರಿ ಬರುದಿಲ್ಲ. ನಿಂದೊಮ್ಮೆ ಇಡು ನೋಡುವ."

ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ ಎಂದು ನಾನೂ ಓದಿದ್ದೆ. ಸ್ಯಾನಿಟೈಸರಿನಲ್ಲಿ ಒರೆಸಿ, ತೋರುಬೆರಳಿಟ್ಟು, ಕೈಯನ್ನು ಬೇಲಿಯ ಮೇಲೆ ಚಾಚಿದೆ. ತೊಂಬತ್ತೆಂಟು. ಮಾಸ್ಕ್ ಹಾಕಿಕೊಂಡ ಅಂಕಲ್ ತೋಳು ನೀಡಿ ತಮ್ಮ ಫೋನಿನಲ್ಲಿ ಕ್ಲಿಕ್ ಮಾಡಿದರು. ಹತ್ತಿರದಿಂದ ತೆಗೆದ ಫೋಟೊ, ಯಂತ್ರ ಮತ್ತು ಬೆರಳಿನ ಒಂದು ಗೆಣ್ಣು ಮಾತ್ರ. ಸಕ್ಕರೆ ಕಡ ಕೊಟ್ಟ ಹಾಗೆ ಬೆರಳು ಕೊಟ್ಟೆ, ನೋಡಿ. ಬಾಗಿಲಲ್ಲಿ ನಿಂತಿದ್ದ ಮಗಳು, "ಬಟ್ ದಟ್ಸ್ ಯುವರ್ ಫಿಂಗರ್, ಮ್ಯಾಮ್" ಎಂದಳು. "ದೊಡ್ಡೋರ ವಿಷ್ಯಕ್ಕೆ ಬರ್ಬೇಡ, ಒಳಗ್ ಹೋಗು" ಎಂದು ಗದರಿದೆ. ಒಂಬತ್ತು ವರ್ಷದ ಹುಡುಗಿಗೆ ಕಂಡದ್ದು ನನಗೆ ಕಾಣಲಿಲ್ಲವೇ? ಆಫೀಸಿನಲ್ಲಿ ನನ್ನ ಕೆಲಸವೇ ಸಾಫ್ಟ್‌ವೇರಿನಲ್ಲಿ ಸುಳ್ಳು ಫಲಿತಾಂಶ ಹಿಡಿಯುವುದು. ಅದಕ್ಕೇ ಸಂಬಳ ಕೊಡುತ್ತಾರೆ ನನಗೆ.

ಮಂಗಳವಾರವೂ ಅದೇ, ಬುಧವಾರವೂ ಅದೇ. ಗುರುವಾರ ನಾನು ಕೈ ಹಿಂದಕ್ಕೆಳೆದುಕೊಂಡು, "ಮೊದ್ಲು ನಿಮ್ದು ಎಷ್ಟಿದೆ ಹೇಳಿ ಅಂಕಲ್" ಎಂದೆ.

ಅವರು ಬೇಲಿಯ ಆಚೆ ನೆಲ ನೋಡಿದರು. "ತೊಂಬತ್ತು. ಒಮ್ಮೊಮ್ಮೆ ಎಂಬತ್ತೊಂಬತ್ತು."

ರಕ್ತದ ಆಮ್ಲಜನಕ ಅಷ್ಟಕ್ಕಿಳಿದರೆ ಆಸ್ಪತ್ರೆಯೇ ಗತಿ. ಈಗಲೇ ಆಂಟಿಗೆ ಫೋನ್ ಮಾಡುತ್ತೇನೆ ಎಂದೆ. ಆಗ ಆ ಮನುಷ್ಯ ನನಗೆ ಕೈಮುಗಿದರು... ನನ್ನ ತಂದೆಯ ವಯಸ್ಸಿನವರು. ಆಸ್ಪತ್ರೆಗೆ ಹೋದರೆ ಆಂಟಿಯನ್ನೂ ಒಳಗೆ ಬಿಡುವುದಿಲ್ಲ, ಒಬ್ಬನೇ ಸಾಯಬೇಕು ಎಂದರು. ಅವಳು ಈ ತಿಂಗಳು ನೋಡಿದ ಸಾವೇ ಸಾಕು ಎಂದರು. ಆಮೇಲೆ ಲೀಗಿನ ಮಾತು. ತಂಡ ಮೂರನೇ ಸ್ಥಾನದಲ್ಲಿತ್ತು. ಭಾನುವಾರದ ಕೊನೆಯ ಪಂದ್ಯ ಗೆದ್ದರೆ ಎರಡನೇ ಸ್ಥಾನ, ಬಡ್ತಿ.

"ಈ ಒಂದು ಆದಿತ್ಯವಾರ ಬಿಡು. ಸೋಮವಾರ ನಾನೇ ಹೋಗ್ತೇನೆ. ದೇವರಾಣೆ."

ಯಾರಾದರೂ ಐರಿಷ್ ನೆರೆಯವಳಾಗಿದ್ದರೆ ಆ ಕ್ಷಣವೇ ಆಂಬುಲೆನ್ಸ್ ಕರೆದು, ಆಮೇಲೆ ಚಹಾ ಮಾಡಿಕೊಡುತ್ತಿದ್ದಳು. ನಾನು ಹಿರಿಯರ ಮಾತು ಮೀರಲಾಗದ ಮೈಸೂರಿನ ಒಳ್ಳೆಯ ಹುಡುಗಿ. ಬೆರಳು ಚಾಚಿದೆ. ಶುಕ್ರವಾರವೂ, ಶನಿವಾರವೂ. ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿರುತ್ತಿದ್ದ ನನ್ನ ಗಂಡನಿಗೂ ಹೇಳಲಿಲ್ಲ. ಹೇಳಿದರೆ ಬೈಯುತ್ತಾನೆ, ಬೈದರೆ ನಾನು ಮಾಡುತ್ತಿರುವುದು ತಪ್ಪೆಂದು ಒಪ್ಪಿಕೊಳ್ಳಬೇಕಾಗುತ್ತದೆ ಎಂಬ ಭಯ. ಆ ಮೂರು ದಿನ ಗೋಡೆಗೆ ಕಿವಿಗೊಟ್ಟು ಕೆಮ್ಮು ಕೇಳಿದರೆ, ಸದ್ಯ ಇದ್ದಾರೆ ಎಂದುಕೊಳ್ಳುತ್ತಿದ್ದೆ.

ಭಾನುವಾರ ಐದೂವರೆಗೆ ಎಚ್ಚರವಾಯಿತು. ಗೋಡೆಯಾಚೆ ಚಪ್ಪಾಳೆ. ಪಟಪಟ, ಪಟಪಟ. ಕೆಮ್ಮು ಕೇಳಿಸಲಿಲ್ಲ. ಪಂದ್ಯದಲ್ಲಿ ಮೈಮರೆತಿದ್ದಾರೆ ಎಂದು ಮಗ್ಗುಲು ಬದಲಿಸಿ ಮಲಗಿದೆ. ಹೌದು, ಮಲಗಿದೆ. ಒಂಬತ್ತಾದರೂ ಟಿವಿ ಸದ್ದು ನಿಲ್ಲಲಿಲ್ಲ. ಹತ್ತು ಗಂಟೆಗೆ ಹಿತ್ತಲಿಗೆ ಹೋದೆ. ಅವರ ಕುರ್ಚಿ ಮಂಜಿನಲ್ಲಿ ಒದ್ದೆಯಾಗಿ ಹಾಗೇ ಇತ್ತು.

ಅವರ ಮುಂಬಾಗಿಲಿಗೆ ಓಡಿ ಕಿಟಕಿಯಲ್ಲಿ ಇಣುಕಿದೆ. ಕಂಬಳಿ ಹೊದ್ದು ಸೋಫಾದಲ್ಲಿ ಒಂದು ಕಡೆ ವಾಲಿದ್ದರು, ತುಟಿ ನೀಲಿ. ಗಾಜು ಬಡಿದಾಗ ಕಣ್ಣು ಅಲುಗಿತು. ಫೋನ್ ಮಾಡಿದ ಹನ್ನೆರಡು ನಿಮಿಷದಲ್ಲಿ ಆಂಬುಲೆನ್ಸಿನವರು ಬಂದರು. ಮೈತುಂಬ ಗೌನು ತೊಟ್ಟ ಹುಡುಗನೊಬ್ಬ, "ಯು ಆರ್ ಗ್ರ್ಯಾಂಡ್ ನೌ, ಯು ಆರ್ ಗ್ರ್ಯಾಂಡ್" ಎಂದು, ಏನೂ ಆಗಿಲ್ಲ ಎನ್ನಲು ಇಲ್ಲಿಯವರು ಆಡುವ ಮಾತಿನಲ್ಲಿ ಸಮಾಧಾನ ಹೇಳುತ್ತಲೇ ಅವರ ಮುಖಕ್ಕೆ ಆಕ್ಸಿಜನ್ ಹಿಡಿದ. ಸ್ಟ್ರೆಚರ್ ನನ್ನ ಮುಂದೆ ಹಾಯುವಾಗ ಅಂಕಲ್ ಮಾಸ್ಕನ್ನು ಸ್ವಲ್ಪ ಸರಿಸಿದರು.

"ಎಷ್ಟಾಯ್ತು?" ಎಂದರು.

ನನಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿತು. ಪಂದ್ಯ ಮುಗಿಯುವ ಮೊದಲೇ ಅವರಿಗೆ ಪ್ರಜ್ಞೆ ತಪ್ಪಿತ್ತೆಂದು ಆಗ ಅರ್ಥವಾಯಿತು. ಆಮೇಲೆ ಹುಡುಕಿ ನೋಡಿದೆ. ಒಂದಕ್ಕೊಂದು, ಡ್ರಾ. ಮೂರನೇ ಸ್ಥಾನದಲ್ಲೇ ಉಳಿದರು.

ಆಸ್ಪತ್ರೆಯಲ್ಲಿ ಅವರು ನಾಲ್ಕು ದಿನ ಇದ್ದರು. ಕೊನೆಯ ದಿನ ಆಂಟಿಯನ್ನು ಒಳಗೆ ಬಿಟ್ಟರು. ಅಂಕಲ್ ಹೆದರಿದ ಹಾಗೆ ಒಬ್ಬರೇ ತೀರಿಕೊಳ್ಳಲಿಲ್ಲ, ಅದೊಂದು ಪುಣ್ಯ. ಅಂತ್ಯಕ್ರಿಯೆಗೆ ಚರ್ಚಿನೊಳಗೆ ಕೆಲವರಿಗಷ್ಟೇ ಪ್ರವೇಶ. ಈ ಊರಿನ ಪದ್ಧತಿಯಂತೆ ನಾವೆಲ್ಲ ರಸ್ತೆಯ ಎರಡೂ ಬದಿಗೆ ದೂರದೂರ ನಿಂತೆವು. ಶವಪೆಟ್ಟಿಗೆ ಹೊತ್ತ ಕಪ್ಪು ಕಾರು ಅವರ ಮನೆ ಮುಂದೆ ಒಂದು ನಿಮಿಷ ನಿಂತು ಮುಂದೆ ಸಾಗಿತು. ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಶುರುಮಾಡಿದರು, ಎಲ್ಲರೂ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಆಂಟಿಗೆ ಹೇಳಬೇಕೆಂದು ನೂರು ಸಲ ಹೊರಟಿದ್ದೇನೆ. ನಲವತ್ತನೇ ದಿನದ ಪ್ರಾರ್ಥನೆ ಕಳೆಯಲಿ, ವರ್ಷ ಕಳೆಯಲಿ, ಅವರು ಸ್ವಲ್ಪ ಸುಧಾರಿಸಲಿ... ಹೀಗೇ ವರ್ಷಗಳು ಹೋದವು. ಈಗ ಅವರು ನಿವೃತ್ತರಾಗಿ, ಮನೆ ಮಾರಿ, ನೇಸ್ ಎಂಬ ಊರಿನಲ್ಲಿರುವ ತಂಗಿಯ ಹತ್ತಿರ ಹೊರಟಿದ್ದಾರೆ. ಮೊನ್ನೆ ಶನಿವಾರ ನಮ್ಮಲ್ಲಿಗೆ ಚಹಾಕ್ಕೆ ಬಂದಿದ್ದರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಮಗಳನ್ನು ಮೇಲೆ ಕಳಿಸಿ, ಎದುರು ಕುಳಿತು, "ಆಂಟಿ, ಅಂಕಲ್ ವಿಷ್ಯ ಒಂದು..." ಎಂದು ಶುರುಮಾಡಿದೆ.

ಅಂಕಲ್ ಹೆಸರು ತೆಗೆದದ್ದೇ ಅವರ ಮುಖ ಅರಳಿತು. ಕೈಚೀಲದಿಂದ ಫೋನ್ ತೆಗೆದು, ಬೆರಳಾಡಿಸಿ, ಒಂದರ ಹಿಂದೊಂದು ಆರು ಫೋಟೊ ತೋರಿಸಿದರು. ಎಲ್ಲದರಲ್ಲೂ ತೊಂಬತ್ತೆಂಟು, ಒಂದರಲ್ಲಿ ತೊಂಬತ್ತೊಂಬತ್ತು.

"ನೋಡು, ಶನಿವಾರದವರೆಗೂ ಎಷ್ಟು ಚಂದ ಉಂಟು. ಒಮ್ಮೆಲೇ ಬಂದದ್ದು ಅದು. ನಾನು ಮನೆಯಲ್ಲಿ ಇದ್ದಿದ್ರೂ ಎಂತ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ. ಇದನ್ನು ನೋಡಿದ್ರೆ ಮಾತ್ರ ನಂಗೆ ನಿದ್ದೆ ಬರುದು."

ಆಂಟಿ ಕೊನೆಯ ಫೋಟೊವನ್ನು ಎರಡು ಬೆರಳಲ್ಲಿ ಅಗಲಿಸಿ ದೊಡ್ಡದು ಮಾಡಿ, ಕನ್ನಡಕ ಮೇಲೆತ್ತಿ ಹತ್ತಿರ ಹಿಡಿದುಕೊಂಡರು.

"ಆದ್ರೂ ಪಾಪ, ಎಂಜಿನ್ ರೂಮಲ್ಲಿ ಕಬ್ಬಿಣ ಎತ್ತಿದ ಕೈ... ಬೆರಳು ಎಷ್ಟು ಸಣ್ಣ ಆಗಿತ್ತು ನೋಡು."

ನಾನು ಚಹಾದ ಲೋಟ ಇಟ್ಟು, ಕೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿಕೊಂಡೆ.