ಕೆಂಚ ಹೋದ ಮೇಲೆ

ಯಸಳೂರಿನಿಂದ ಮೇಲಕ್ಕೆ ಹೋಗುವ ಜಲ್ಲಿ ರಸ್ತೆಯ ಕೊನೆಗೆ ಒಂದು ಕಾಫಿ ತೋಟವಿದೆ. ಅಲ್ಲಿ ಕೂಲಿಯವರು ಇರುವ ಸಾಲುಮನೆಗಳ ಲೈನಿನಲ್ಲಿ ಕನ್ನಡ ಮಾತಾಡುವವಳು ಈಗ ಚಿನ್ನಮ್ಮ ಒಬ್ಬಳೇ. ಅವಳು ಮದುವೆಯಾಗಿ ಬಂದಾಗ ಲೈನಿನ ಎಲ್ಲ ಮನೆಗಳಲ್ಲೂ ಆಸುಪಾಸಿನ ಊರಿನವರೇ ಇದ್ದರು. ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತರೆ ನೀರು ತುಂಬಿ ಹರಿದರೂ ಮಾತು ಮುಗಿಯುತ್ತಿರಲಿಲ್ಲ. ಆಮೇಲೆ ಒಂದೊಂದೇ ಸಂಸಾರ ಸ್ವಂತ ಮನೆ ಕಟ್ಟಿಕೊಂಡು ಹೊರಟಿತು. ಖಾಲಿಯಾದ ಮನೆಗಳಿಗೆ ಅಸ್ಸಾಮಿನ ಕೂಲಿಯವರು ಬಂದರು. ಒಳ್ಳೆಯ ಜನವೇ. ಆದರೆ ಕುಯ್ಲು ಮುಗಿದ ಕೂಡಲೇ ಹೊರಟುಬಿಡುತ್ತಿದ್ದರು. ಮರುವರ್ಷ ಬರುವವರು ಬೇರೆಯೇ ಮುಖಗಳು. ಅವರ ಮಾತು ಇವಳಿಗೆ ಬಾರದು, ಇವಳದು ಅವರಿಗೆ.

ಗಂಡ ಕೃಷ್ಣಪ್ಪ, ಲೈನಿನಲ್ಲಿ ಇನ್ನೂ ಊರಿನವರಿದ್ದಾಗಲೇ, ಒಂದು ವರ್ಷ ಗೊಬ್ಬರ ಹಾಕುವ ಕಾಲದಲ್ಲಿ, ತೋಟದಲ್ಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಅದರ ಹಿಂದಿನ ವರ್ಷ ಅವನು ಸಕಲೇಶಪುರದ ಸಂತೆಯಿಂದ ಬರುವಾಗ ಕೈಚೀಲದಲ್ಲಿ ಒಂದು ಕೆಂಪು ನಾಯಿಮರಿಯನ್ನು ತಂದಿದ್ದ.

"ನಮ್ಗೇ ಕಾಲು ಚಾಚಾಕೆ ಜಾಗ ಇಲ್ಲ, ಇದನ್ನ ಯಾಕ್ ತಂದ್ರಿ?" ಎಂದು ಚಿನ್ನಮ್ಮ ರೇಗಿದ್ದಳು.

"ಇರ್ಲಿ ಬುಡು. ನಿಂಗೆ ಜೊತೆಗಾಯ್ತದೆ" ಎಂದು ಅವನು ನಕ್ಕಿದ್ದ.

ಆ ಮರಿಯೇ ಕೆಂಚ. ಕೃಷ್ಣಪ್ಪ ಹೋದ ಮೇಲೆ ಅವನು ಚಿನ್ನಮ್ಮನ ಹಿಂದೆಯೇ ತೋಟಕ್ಕೆ ಹೋದ, ಹಿಂದೆಯೇ ಬಂದ. ಅವಳು ಹಣ್ಣು ಕುಯ್ಯುವಾಗ ಗಿಡದ ಬುಡದಲ್ಲಿ ಮಲಗಿರುತ್ತಿದ್ದ. ಕಾಡಾನೆ ಹತ್ತಿರದಲ್ಲಿದ್ದರೆ ಬೊಗಳುತ್ತಿರಲಿಲ್ಲ. ಗಂಟಲೊಳಗೇ ಗುರುಗುಟ್ಟಿ ಅವಳ ಸೀರೆಗೆ ಒತ್ತಿಕೊಂಡು ನಿಲ್ಲುತ್ತಿದ್ದ. ಒಲೆಯ ಮುಂದೆ ಕೂತರೆ ಅವಳು ಅವನಿಗೆ ದಿನದ ಸುದ್ದಿಯೆಲ್ಲ ಹೇಳುತ್ತಿದ್ದಳು. ಮೇಸ್ತ್ರಿ ಯಾರನ್ನು ಬೈದ, ಸಾರಿಗೆ ಉಪ್ಪು ಹೆಚ್ಚಾಯಿತು, ಹೆಗ್ಗದ್ದೆ ಕಡೆ ಮಳೆ ಬಿದ್ದ ಹಾಗಿದೆ, ಎಲ್ಲವನ್ನೂ. ಕೆಂಚ ಮುಂಗಾಲಿನ ಮೇಲೆ ಗದ್ದ ಇಟ್ಟು ಕೇಳುತ್ತಿದ್ದ. ಅವಳು ಸುಮ್ಮನಾದರೆ ತಲೆ ಎತ್ತಿ ನೋಡುತ್ತಿದ್ದ.

ಯುಗಾದಿ ಕಳೆದ ಮೇಲೆ ಅವನು ಸೊರಗತೊಡಗಿದ. ಊಟ ಬಿಟ್ಟ, ನೀರು ಮಾತ್ರ ಬೋಗುಣಿಗಟ್ಟಲೆ ಕುಡಿದ. ಪಕ್ಕೆಲುಬು ಕಾಣಿಸಿದಾಗ ಚಿನ್ನಮ್ಮನಿಗೆ ಭಯವಾಯಿತು. ಯಸಳೂರಿನ ಬಾಡಿಗೆ ಜೀಪಿನ ಶಫಿಯನ್ನು ಕರೆಸಿದಳು. ನಾಯಿಯನ್ನು ಹಿಂದೆ ಹಾಕುತ್ತಾನೇನೋ ಅಂದುಕೊಂಡಿದ್ದಳು. ಅವನು ಮುಂದಿನ ಸೀಟಿಗೇ ಗೋಣಿಚೀಲ ಹಾಸಿ, "ಕೂರ್ಸಕ್ಕ, ಹಿಂದೆ ಕುಲುಕಾಡಿದ್ರೆ ಅವ್ನಿಗೆ ಆಗಾಕಿಲ್ಲ" ಎಂದ.

ಪಶು ಆಸ್ಪತ್ರೆಯ ಡಾಕ್ಟರ್ ತನುಜಾ ಕೆಂಚನ ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

"ಕಿಡ್ನಿ ಕೆಟ್ಟಿದೆ ಚಿನ್ನಮ್ಮ. ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ. ಡ್ರಿಪ್ಸ್ ಹಾಕಿಸ್ತಾ, ಗಂಜಿ ಕುಡಿಸ್ತಾ ನೋಡ್ಕೊಂಡ್ರೆ ಒಂದಷ್ಟು ಕಾಲ ಇರ್ತಾನೆ."

ಹಾಗೆ ನೋಡಿಕೊಂಡೇ ಮಳೆಗಾಲ ಕಳೆಯಿತು. ವಾರಕ್ಕೊಮ್ಮೆ ಶಫಿಯ ಜೀಪು ಬರುತ್ತಿತ್ತು. ಉಪ್ಪಿಲ್ಲದ ಗಂಜಿಯನ್ನು ಚಿನ್ನಮ್ಮ ಬೆರಳಿನಿಂದ ನೆಕ್ಕಿಸುತ್ತಿದ್ದಳು. ನೆಲ ತೇವವೆಂದು ತನ್ನ ಕಂಬಳಿಯನ್ನು ಅವನಿಗೆ ಕೊಟ್ಟು ತಾನು ಹಳೇ ಸೀರೆ ಹೊದ್ದಳು. ಕೆಲವು ದಿನ ಎದ್ದು ಬಾಗಿಲವರೆಗೆ ಬಂದು ಬಾಲ ಆಡಿಸುತ್ತಿದ್ದ. ಆ ದಿನ ಅವಳ ಕೈ ಕೆಲಸದಲ್ಲಿ ಚುರುಕಾಗುತ್ತಿತ್ತು. ದೀಪಾವಳಿಯ ಹೊತ್ತಿಗೆ ಹಿಂಗಾಲು ಸೋತವು. ಅವಳು ಅವನನ್ನು ಎತ್ತಿಕೊಂಡೇ ಹೊರಗೆ ಕೂರಿಸಿ, ಎತ್ತಿಕೊಂಡೇ ಒಳಗೆ ತರುತ್ತಿದ್ದಳು.

ಡಾಕ್ಟರ್ ಒಮ್ಮೆ ತಾವೇ ಲೈನಿಗೆ ಬಂದು ನೋಡಿದರು. "ಒಂದು ಇಂಜೆಕ್ಷನ್ ಇದೆ. ನೋವಿಲ್ಲದೆ ನಿದ್ದೆಯಲ್ಲೇ ಹೋಗ್ತಾನೆ. ನಾನು ಬಲವಂತ ಮಾಡಲ್ಲ" ಎಂದರು.

ಚಿನ್ನಮ್ಮ ಕೆಂಚನ ಕಿವಿ ಸವರಿದಳು. "ಇನ್ನೂ ನನ್ ಕಡೆ ನೋಡ್ತಾವ್ನೆ ಡಾಕ್ಟ್ರಮ್ಮ" ಎಂದಳು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ನೋವು ಕಮ್ಮಿಯಾಗುವ ಔಷಧಿ ಕೊಟ್ಟು ಹೋದರು.

ರೋಬಸ್ಟಾ ಕಾಫಿಯ ಕುಯ್ಲು ಶುರುವಾದ ಮೇಲೆ ಕೆಲಸಕ್ಕೆ ಹೋಗದೆ ವಿಧಿಯಿರಲಿಲ್ಲ. ಲೈನಿಗೆ ಹತ್ತಿರದ ತೋಟದ ಪಟ್ಟೆಯಲ್ಲೇ ಕೆಲಸಕ್ಕೆ ಹಾಕಿ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಯೋಗಾನಂದನನ್ನು ಕೇಳಿಕೊಂಡಳು, ಅವನು ಒಪ್ಪಿದ. ಒಂದು ಮಧ್ಯಾಹ್ನ ಊಟಕ್ಕೆಂದು ಬಂದಾಗ ಅವಳ ಮನೆಯ ಮೆಟ್ಟಿಲ ಮೇಲೆ ಪಕ್ಕದ ಮನೆಯ ಅಸ್ಸಾಮಿನ ಹೆಂಗಸು ರೂಪಾಲಿ ಕೂತಿದ್ದಳು. ಎಳೆಗೂಸಿನ ತಾಯಿಯಾದ್ದರಿಂದ ಅವಳು ಕೆಲಸಕ್ಕೆ ಹೋಗುತ್ತಿರಲಿಲ್ಲ. ಒಂದು ತೊಡೆಯ ಮೇಲೆ ಮಗು, ಇನ್ನೊಂದಕ್ಕೆ ಒರಗಿ ಕೆಂಚ. ಅವನ ಮೇಲೆ ಅವಳ ಕೆಂಪು ಅಂಚಿನ ಬಿಳಿ ವಸ್ತ್ರ ಹೊದಿಸಿತ್ತು. ಪಕ್ಕದಲ್ಲಿ ನೀರಿನ ಲೋಟ.

ರೂಪಾಲಿ ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಚಿನ್ನಮ್ಮನಿಗೆ ತಿಳಿದದ್ದು "ಪಾನಿ" ಎಂಬ ಒಂದೇ ಮಾತು. ನೀರು ಬಿಟ್ಟೆ, ಕುಡಿದ, ಹೋದ ಎಂದಿರಬೇಕು. ಚಿನ್ನಮ್ಮ ವಸ್ತ್ರ ಸರಿಸಿ ಕೈಯಿಟ್ಟಳು. ಮೈ ಇನ್ನೂ ಬೆಚ್ಚಗಿತ್ತು. "ನಾ ಬರಾಗಂಟ ಇರ್ಬಾರ್ದಿತ್ತೇನೋ ಕೆಂಚ" ಎಂದು ಅವನ ಪಕ್ಕದಲ್ಲೇ ಕೂತಳು.

ರೂಪಾಲಿಯ ಗಂಡನೂ ಅವನ ಜೊತೆಯವರೂ ಲೈನಿನ ಹಿಂದಿನ ಇಳಿಜಾರಿನಲ್ಲಿ ಗುಂಡಿ ತೆಗೆದರು. ಯೋಗಾನಂದನೂ ಬಂದು ನಿಂತ. "ಆಳವಾಗಿ ತೆಗೀರೋ, ಹಂದಿ ಬಂದು ಕೆದಕ್ಬುಡ್ತವೆ" ಎಂದು ಕೈಸನ್ನೆ ಮಾಡಿ ಹೇಳಿದ. ಮಣ್ಣು ಮುಚ್ಚಿದ ಮೇಲೆ, "ಸಾವ್ಕಾರ್ರ ಮನೇಲಿ ನಾಯಿ ಮರಿ ಹಾಕೈತೆ ಕಣಕ್ಕ. ಒಂದು ಇಸ್ಕೊಡ್ತೀನಿ" ಎಂದ.

"ಬ್ಯಾಡ ರೈಟ್ರೇ."

ಮಾರನೇ ದಿನ ಅವಳು ಕೆಲಸಕ್ಕೆ ಹೋದಳು. ಮನೆಯಲ್ಲಿ ಸಾವಾದರೆ ಮೂಲೆ ಹಿಡಿದು ಕೂರಬಹುದು, ನಾಲ್ಕು ಜನ ಬಂದು ಮಾತಾಡಿಸುತ್ತಾರೆ. ನಾಯಿ ಸತ್ತಿತೆಂದು ಯಾರು ಕೂರಲು ಬಿಡುತ್ತಾರೆ? ಬೆಳಿಗ್ಗೆ ಹಾಜರಿಗೆ ಹೆಸರು ಕೂಗಿದಾಗ ಅವಳ ಗಂಟಲಿಂದ ಸ್ವರವೇ ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಂಡು "ಬಂದಿವ್ನಿ" ಎಂದಳು. ಹಿಂದಿನ ಸಂಜೆಯಿಂದ ತಾನು ಒಂದು ಮಾತನ್ನೂ ಆಡಿರಲಿಲ್ಲವೆಂದು ಆಗ ಹೊಳೆಯಿತು.

ತಂಗಿ ಗಂಗಾಮಣಿ ಆಲೂರಿನಲ್ಲಿದ್ದಳು. ಸುದ್ದಿ ತಿಳಿದು ಫೋನ್ ಮಾಡಿದಳು. "ಯಾವಾಗ್ ಕರೆದ್ರೂ ಕೆಂಚನ್ನ ಯಾರ್ ನೋಡ್ತಾರೆ ಅಂತಿದ್ದೆ. ಈಗೇನೈತೆ ಅಲ್ಲಿ? ಬಂದ್ಬುಡಕ್ಕ." ಚಿನ್ನಮ್ಮನಿಗೆ ಹೇಳಲು ನೆಪವಿರಲಿಲ್ಲ. ರಜೆ ಹೇಳಿ ಹೋದಳು.

ಆಲೂರಿನ ಮನೆಯಲ್ಲಿ ಟಿ.ವಿ.ಯಿತ್ತು, ಮಕ್ಕಳ ಗಲಾಟೆಯಿತ್ತು. ತಂಗಿಯ ಗಂಡ ಸುರೇಂದ್ರ ಕೋಳಿ ತಂದು, "ಅತ್ಗೆ, ಚೆನ್ನಾಗಿ ಉಣ್ಣಿ" ಎಂದು ಉಪಚರಿಸಿದ. ಅಲ್ಲಿ ಯಾರೂ ಕೆಂಚನನ್ನು ಸರಿಯಾಗಿ ಬಲ್ಲವರಲ್ಲ. ಅವನ ಮಾತು ಬಂದರೆ ಎಲ್ಲರೂ ಒಂದು ಗಳಿಗೆ ತಲೆಯಾಡಿಸಿ ಬೇರೆ ಸುದ್ದಿಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಚಿನ್ನಮ್ಮ ಅಳುತ್ತಿದ್ದುದನ್ನು ತಂಗಿ ಕಂಡಳು.

"ಭಾವ ಹೋದಾಗ್ಲೂ ನೀನು ಇಷ್ಟು ಅತ್ತಿರ್ನಿಲ್ಲ ಕಣಕ್ಕ" ಎಂದಳು. ಅಣಕವಲ್ಲ, ಬಾಯಿಗೆ ಬಂದದ್ದನ್ನು ಆಡಿದ್ದಳು.

ಚಿನ್ನಮ್ಮ ಕೈಯ ಬೂದಿ ತೊಳೆದುಕೊಂಡಳು. "ಅವ್ರು ಹೋದಾಗ ಅಳಾಕೆ ನೀವೆಲ್ಲಾ ಇದ್ರಿ. ಲೈನ್ ತುಂಬ ಜನ ಇದ್ರು. ನನ್ ಪಾಲಿಗೆ ಸ್ವಲ್ಪಾನೇ ಬಂತು. ಇವ್ನಿಗೆ ಅಳಾಕೆ ನಾನೊಬ್ಳೇ ಕಣೇ."

ಗಂಗಾಮಣಿ ಅಕ್ಕನ ಪಕ್ಕ ಕೂತು ಉಳಿದ ಪಾತ್ರೆಗಳನ್ನು ತಾನೇ ತೊಳೆದಳು. ಎರಡು ದಿನ ಬಿಟ್ಟು ಚಿನ್ನಮ್ಮ ಹೊರಟಾಗ ತಡೆಯಲಿಲ್ಲ. "ಮನಸ್ಸಿಗೆ ಬಂದಾಗ ಬಾ" ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದಳು.

ಯಸಳೂರಿನಲ್ಲಿ ಇಳಿದಾಗ ಶಫಿಯ ಜೀಪು ನಿಂತಿತ್ತು. ಮಗಳು ಆಯಿಷಾಳ ಮದುವೆಯ ಓಡಾಟದಲ್ಲಿ ಅವನು ಬಹಳ ದಿನದಿಂದ ಲೈನಿನ ಕಡೆ ಬಂದಿರಲಿಲ್ಲ. ಅವಳು ಹತ್ತಿ ಕೂತ ಕೂಡಲೇ, "ಕೆಂಚ ಎಂಗವ್ನಕ್ಕ?" ಎಂದು ಕೇಳಿದ.

"ಹೋಗ್ಬುಟ್ಟ ಶಫಿ."

ಶಫಿ ಗೇರಿಗೆ ಹಾಕಿದ ಕೈ ತೆಗೆದ. ಇಂಜಿನ್ ಆರಿಸಿದ. "ಯಾವಾಗಕ್ಕ? ನಂಗೊಂದ್ ಮಾತು ಹೇಳ್ಬಾರ್ದಾ? ಮಣ್ಣಿಗೆ ಬರ್ತಿದ್ದೆ" ಎಂದ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಚಿನ್ನಮ್ಮ ಮೊದಲಿಂದ ಎಲ್ಲ ಹೇಳಿದಳು. ಅವನು ಕೊನೆಗೆ, "ತಿರುವಿನಲ್ಲಿ ನಾನು ಹಾರನ್ ಹೊಡೆದ್ರೆ ನನ್ನೇ ಗುರಾಯಿಸ್ತಿದ್ದ ಬಡ್ಡೀಮಗ" ಎಂದ. ಚಿನ್ನಮ್ಮನಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ದಿನ ಅವನು ಬಾಡಿಗೆ ಮುಟ್ಟಲಿಲ್ಲ.

ಕುಯ್ಲು ಮುಗಿಯಿತು. ಅಸ್ಸಾಮಿನವರು ಗಂಟು ಕಟ್ಟಿದರು. ಹೊರಡುವ ಬೆಳಿಗ್ಗೆ ರೂಪಾಲಿ ಮಗುವನ್ನು ಎತ್ತಿಕೊಂಡು ಬಂದು ಚಿನ್ನಮ್ಮನ ಕೈಗೆ ಕೊಟ್ಟಳು. ಚಿನ್ನಮ್ಮ ಅದರ ನೆತ್ತಿ ಮೂಸಿ, ಹಣೆಗೆ ಒಂದು ಬೊಟ್ಟಿಟ್ಟು ಹಿಂದಕ್ಕೆ ಕೊಟ್ಟಳು. "ಚೆನ್ನಾಗಿರವ್ವ. ಅವತ್ತು ಅವ್ನ ಜೊತೆ ಕೂತಿದ್ಯಲ್ಲ, ಅದು ನಾನು ಮರೆಯಾಕಿಲ್ಲ" ಎಂದಳು. ರೂಪಾಲಿಗೆ ಎಷ್ಟು ಅರ್ಥವಾಯಿತೋ. ಎರಡೂ ಕೈಯಲ್ಲಿ ಅವಳ ತೋಳು ಹಿಡಿದುಕೊಂಡು ನಿಂತಳು. ಪಿಕಪ್ ಗಾಡಿ ತಿರುವು ದಾಟುವವರೆಗೂ ಚಿನ್ನಮ್ಮ ರಸ್ತೆಯ ಬದಿಯಲ್ಲಿದ್ದಳು.

ಮಧ್ಯಾಹ್ನ ಯೋಗಾನಂದ ಬಂದು ಖಾಲಿ ಮನೆಗಳಿಗೆ ಬೀಗ ಹಾಕಿದ. "ಒಬ್ಳೇ ಇರ್ತೀಯಾ ಅಕ್ಕ? ತಂಗಿ ಮನೆಗೆ ಹೋಗಾಕಿಲ್ವಾ?" ಎಂದು ಕೇಳಿದ.

"ಇರ್ತೀನಿ. ಮೆಣಸು ಕುಯ್ಯಾದು ಐತಲ್ಲ."

ಅವನು ಹೋದ ಮೇಲೆ ಅವಳು ಸೌದೆ ಒಡೆದಳು, ನೀರು ತಂದಳು. ಹೊತ್ತು ಮುಳುಗಿದಾಗ ಅಷ್ಟುದ್ದದ ಲೈನಿನಲ್ಲಿ ಒಂದೇ ಒಂದು ಒಲೆ ಉರಿಯುತ್ತಿತ್ತು.